ನಿಂತವರಿಗೆ ಬೆಲೆ ಹೇಳದವಳು

ಸೌದೆಯಕ್ಕನಿಗೆ ಎಡಗಡೆಯ ಹುಬ್ಬು ಅರ್ಧಕ್ಕರ್ಧ ಇರಲಿಲ್ಲ. ಹಸಿ ಚಕ್ಕೆಗೆ ಬೆಂಕಿ ಹಿಡಿಸಲು ಒಲೆಗೆ ಮುಖ ಕೊಟ್ಟು ಊದುವಾಗ ಉರಿ ಭಗ್ಗನೆ ಮೇಲೆದ್ದು ಸುಟ್ಟಿದ್ದಂತೆ. ಮತ್ತೆ ಬೆಳೆಯುವಷ್ಟರಲ್ಲಿ ಮತ್ತೆ ಸುಡುತ್ತಿತ್ತಂತೆ. ಇದನ್ನೆಲ್ಲ ನನಗೆ ಹೇಳಿದವರು ನನ್ನ ಗಂಡ. ಊಟಕ್ಕೆ ಕೂತು, ಅನ್ನ ಕಲಸುತ್ತ, ನಗುನಗುತ್ತ ಹೇಳಿದರು. ನಾನು ಸಾರು ಬಡಿಸಿ, ಒಳಗೆ ಹೋಗಿ ಕನ್ನಡಿಯಲ್ಲಿ ನನ್ನ ಹುಬ್ಬು ನೋಡಿಕೊಂಡೆ. ಎರಡೂ ನೆಟ್ಟಗಿದ್ದವು. ಹೆಣ್ಣು ನೋಡಲು ಬಂದಾಗ ಅವರ ಕಡೆಯ ಹೆಂಗಸರೆಲ್ಲ ಹೊಗಳಿ ಹೋದ ಹುಬ್ಬುಗಳು. ಮದುವೆಯಾಗಿ ಇಷ್ಟು ವರ್ಷವಾಯಿತು, ಇವರು ಅವುಗಳ ಬಗ್ಗೆ ಒಂದು ಮಾತು ಆಡಿದ್ದರೆ ಕೇಳಿ. ಇಲ್ಲದ ಹುಬ್ಬಿನ ಮೇಲೆ ಮಾತ್ರ ಅಷ್ಟು ಗಮನ.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಮುಚ್ಚಿಡುವುದೇನಿದೆ? ಇವತ್ತಿಗೂ ಪೂರ್ತಿ ಆರಿದೆ ಎಂದು ಹೇಳಲಾರೆ. ಅವಳು ಕೋಣಂದೂರಿನಲ್ಲಿ ಮರ ಕೊಯ್ಯುವ ಸಾಮಿಲ್ಲಿನ ಪಕ್ಕ ಸೌದೆ ಮಾರುತ್ತಿದ್ದಳು. ನಾನು ಸಾಗರದಲ್ಲಿ ನಾಲ್ಕು ಗೋಡೆಯ ನಡುವೆ ಗ್ಯಾಸ್ ಒಲೆ ಮುಂದೆ ನಿಂತಿದ್ದೆ. ನಮ್ಮಿಬ್ಬರ ಮಧ್ಯೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಇಳಿಯುತ್ತಿದ್ದವರು ಇವರು.

ಇವರದು ಬೆಲೆ ಕೇಳುವ ಕೆಲಸ. ದೇಶದಲ್ಲಿ ಬೆಲೆ ಏರಿತೋ ಇಳಿಯಿತೋ ಎಂದು ತಿಂಗಳು ತಿಂಗಳು ಟೀವಿಯಲ್ಲಿ ಹೇಳುತ್ತಾರಲ್ಲ, ಹಣದುಬ್ಬರ ಅಂತ, ಆ ಲೆಕ್ಕ ಆಕಾಶದಿಂದ ಉದುರುವುದಿಲ್ಲ. ಯಾರೋ ಒಬ್ಬರು ಅಂಗಡಿ ಅಂಗಡಿಗೆ ಹೋಗಿ ಅಕ್ಕಿ ಎಷ್ಟು, ಎಣ್ಣೆ ಎಷ್ಟು ಎಂದು ಕೇಳಿಕೊಂಡು ಬರಬೇಕು. ನಮ್ಮ ಕಡೆ ಆ ಒಬ್ಬರು ನನ್ನ ಗಂಡ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕೆಲವು ಊರುಗಳು ಇವರ ಪಾಲಿಗೆ. ಅಕ್ಕಿ ಬೇಳೆಗಿಂತ ಇವರಿಗೆ ಪ್ರೀತಿ ಇದ್ದದ್ದು ಇಂಧನದ ಮೇಲೆ. ಸೌದೆ, ಗ್ಯಾಸು, ಸೀಮೆಎಣ್ಣೆ, ಕರೆಂಟು, ಬೆಂಕಿಪೊಟ್ಟಣ, ಮೇಣದಬತ್ತಿ. ಒಲೆ ಉರಿಯುವುದಕ್ಕೆ ಏನು ಖರ್ಚಾಗುತ್ತದೆ ಎನ್ನುವುದು ಗೊತ್ತಾದರೆ ಮನೆಯ ಹಣೆಬರಹವೆಲ್ಲ ಗೊತ್ತಾಗುತ್ತದೆ ಎನ್ನುತ್ತಿದ್ದರು.

ಆ ಕೆಲಸಕ್ಕೆ ಒಂದು ಕಟ್ಟುನಿಟ್ಟಿದೆ. ಪ್ರತಿ ತಿಂಗಳೂ ಅದೇ ಅಂಗಡಿ, ಅದೇ ಸಾಮಾನು. ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಕೇಳಿದರೆ ಏರಿದ್ದು ಬೆಲೆಯೋ, ಬದಲಾದದ್ದು ಅಂಗಡಿಯೋ ತಿಳಿಯುವುದಿಲ್ಲವಂತೆ. ಹಾಗಾಗಿ ಸೌದೆಯ ಬೆಲೆಗೆ ಕೋಣಂದೂರಿನ ಅದೇ ಹೆಂಗಸು. ಅಂಗಡಿ ಮುಚ್ಚುವ ತನಕ ಬದಲಾಯಿಸುವ ಹಾಗಿಲ್ಲ. ಇನ್ನೊಂದು, ಬೆಲೆ ಕೇಳುವವರು ತಮ್ಮ ಸ್ವಂತ ಮನೆಯಲ್ಲಿ ಕೇಳುವ ಹಾಗಿಲ್ಲ. ಇದನ್ನು ಇವರು ಹೇಳಿದ ದಿನ ನನಗೆ ತಮಾಷೆ ಅನಿಸಿತ್ತು. ಆಮೇಲೆ ಯೋಚಿಸುತ್ತ ಹೋದಂತೆ ಮೈ ಉರಿಯಿತು. ಇಡೀ ದೇಶದಲ್ಲಿ ಯಾವ ಹೆಂಗಸನ್ನು ಬೇಕಾದರೂ ಕೇಳಬಹುದು, ನನ್ನನ್ನೊಬ್ಬಳನ್ನು ಬಿಟ್ಟು. ಸಿಲಿಂಡರ್ ಬುಕ್ ಮಾಡುವವಳು ನಾನು. ಅದು ತಿಂಗಳು ಕಳೆಯುವ ಮೊದಲೇ ಸಪ್ಪಗಾಗುವುದನ್ನು ನೋಡಿ ಅಲ್ಲಾಡಿಸಿ ಅಲ್ಲಾಡಿಸಿ ಎರಡು ದಿನ ಎಳೆಯುವವಳು ನಾನು. ನಾನು ಲೆಕ್ಕಕ್ಕಿಲ್ಲ.

ಕೋಣಂದೂರಿಗೆ ಹೋಗುವ ದಿನ ಇವರು ಇಸ್ತ್ರಿ ಶರ್ಟು ಕೇಳುತ್ತಿದ್ದರು. ಬೇರೆ ಊರಿಗೆ ಯಾವುದಾದರೂ ನಡೆಯುತ್ತಿತ್ತು. ಸಂಜೆ ಬಂದು ಅಂಗಿ ತೆಗೆದು ಗೂಟಕ್ಕೆ ಹಾಕಿದರೆ ಹೊಗೆ ವಾಸನೆ. ಸುಮ್ಮನೆ ಸುಟ್ಟ ವಾಸನೆಯಲ್ಲ, ಅಕೇಶಿಯಾ ಚಕ್ಕೆ ಹೊತ್ತಿಕೊಂಡಾಗ ಬರುವ ಸ್ವಲ್ಪ ಸಿಹಿ ವಾಸನೆ. ನಮ್ಮನೆಯ ಗ್ಯಾಸಿಗೆ ಅಂಥ ವಾಸನೆ ಎಲ್ಲಿಂದ ಬರಬೇಕು? ಗ್ಯಾಸು ವಾಸನೆ ಬಂದರೆ ಕಿಟಕಿ ತೆಗೆಯಬೇಕು. ಆ ಅಂಗಿಯನ್ನು ನಾನು ಎರಡು ಸಲ ಸೋಪು ಹಾಕಿ ಕುಕ್ಕುತ್ತಿದ್ದೆ. ಅಲ್ಲಿ ಇವರಿಗೆ ಕಷಾಯ ಸಿಗುತ್ತಿತ್ತು, ಸೌದೆ ಒಲೆಯ ಮೇಲೆ ಹಾಲು ಬೆಲ್ಲ ಹಾಕಿ ಕುದಿಸಿದ್ದು. ನಾನು ಮಾಡಿಕೊಟ್ಟರೆ ಕುಡಿದು ಲೋಟ ಇಡುತ್ತಿದ್ದರು. ಅವಳದ್ದನ್ನು ಕುಡಿದು ಬಂದು ವರ್ಣಿಸುತ್ತಿದ್ದರು.

ಅವಳ ಹತ್ತಿರ ಒಂದು ಪದ್ಧತಿ ಇತ್ತು. ನಿಂತವರಿಗೆ ಬೆಲೆ ಹೇಳುತ್ತಿರಲಿಲ್ಲ. ಯಾರೇ ಬರಲಿ, ಕೂಲಿಯವರು, ಹೋಟೆಲಿನವರು, ಮದುವೆ ಮನೆಯವರು, ಮೊದಲು ಅಲ್ಲೊಂದು ಮರದ ದಿಮ್ಮಿಯ ಮೇಲೆ ಕೂರಬೇಕು. ಕೂತ ಮೇಲೆ ಬೆಲೆ. ಇವರು ಮೊದಲ ಸಲ ಹೋದಾಗ ಸರ್ಕಾರದ ಕೆಲಸ, ಬೇಗ ಹೇಳಿ ಎಂದು ಚೀಲ ಹೆಗಲ ಮೇಲಿಟ್ಟುಕೊಂಡೇ ನಿಂತಿದ್ದರಂತೆ. ಅವಳು ತಲೆಯನ್ನೂ ಎತ್ತದೆ ಹೇಳಿದಳಂತೆ: “ನಿಂತೋರಿಗೆ ಬೆಲೆ ಹೇಳಿದ್ರೆ ಜಗಳಕ್ಕೆ ಬರ್ತಾರೆ ಸಾರ್. ಕೂತೋರು ಯಾಕೆ ಅಂತ ಕೇಳ್ತಾರೆ. ಕೂತ್ಕೊಳಿ ಮೊದ್ಲು.” ಇವರು ಕೂತರು. ಅಂದಿನಿಂದ ಕೂರುತ್ತಲೇ ಬಂದರು.

ಕೂತು ಏನೇನು ಕೇಳಿಸಿಕೊಂಡು ಬರುತ್ತಿದ್ದರು ಅಂತೀರಿ! ಒಂದು ಮಳೆಗಾಲ ಒಣ ಸೌದೆಯ ಬೆಲೆ ಕೇಳಿದ್ದಕ್ಕೆ ಅವಳು ಹೇಳಲೇ ಇಲ್ಲವಂತೆ. ಒಣಗಿದ್ದು ಒಂದು ಕಡ್ಡಿಯೂ ಇಲ್ಲ, ಇಲ್ಲದ್ದಕ್ಕೆ ಎಂತ ಬೆಲೆ ಅಂದಳಂತೆ. ಹಸಿಯದ್ದಕ್ಕೆ ಹೇಳುತ್ತೇನೆ, ಆದರೆ ಅದರಲ್ಲಿ ಅರ್ಧ ನೀರಿನ ತೂಕ, ನೀರಿಗೆ ದುಡ್ಡು ಕೊಟ್ಟು ಒಯ್ಯುತ್ತಾರೆ ಪಾಪ, ಅದನ್ನೂ ಬರೆದುಕೊಳ್ಳಿ ಅಂದಳಂತೆ. ಇವರು ಮನೆಗೆ ಬಂದು ಎಂಥ ಮಾತು, ಎಂಥ ಮಾತು ಎಂದು ತಲೆದೂಗಿದರು. ನಾನು ಹೇಳಿದೆ, ನಮ್ಮ ಬಚ್ಚಲ ಒಲೆಗೂ ಒಣ ಸೌದೆಯಿಲ್ಲ, ವಾರದಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ ಎಂದು. ಇವರು ‘ಹ್ಞೂಂ’ ಅಂದರು. ಅದು ನಮ್ಮನೆಯ ‘ಹ್ಞೂಂ’. ಕಿವಿಯವರೆಗೂ ಹೋಗದೆ ಬಾಯಿಯಿಂದಲೇ ವಾಪಸು ಬರುವಂಥದ್ದು.

ಸರ್ಕಾರ ಕರೆಂಟು ಪುಕ್ಕಟೆ ಮಾಡಿ ಬಿಲ್ಲು ಸೊನ್ನೆ ಬರತೊಡಗಿದಾಗ ಇವರಿಗೆ ಸಂಭ್ರಮ. ಸೌದೆಯಕ್ಕ ಏನು ಹೇಳುತ್ತಾಳೋ ಎಂದು ಕಾದು ಹೋದರು. ಸೊನ್ನೆ ಅಂತ ಬರೆದುಕೊಳ್ಳಿ ಸಾರ್, ಆದರೆ ಗಾಳಿ ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೇ ಇರೋದಿಲ್ಲ, ಇಲ್ಲದ ಕರೆಂಟೂ ಸೊನ್ನೆಯೇ, ಎರಡು ಸೊನ್ನೆಯನ್ನು ಬೇರೆ ಬೇರೆ ಮಾಡಿ ಹೇಗೆ ಬರೀತೀರಿ ಅಂದಳಂತೆ. ಅವಳ ತಾಯಿ ಹೊನ್ನೆಮರಡಿನ ಕಡೆಯವಳು, ಕರೆಂಟಿನ ಅಣೆಕಟ್ಟಿಗೆ ಊರು ಮುಳುಗಡೆಯಾದಾಗ ಗಂಟುಮೂಟೆ ಕಟ್ಟಿಕೊಂಡು ಈ ಕಡೆ ಬಂದವಳು ಎನ್ನುವುದನ್ನೂ ಇವರೇ ಹೇಳಿದ್ದು. ಕರೆಂಟಿಗೋಸ್ಕರ ಮನೆ ಬಿಟ್ಟವರ ಮಗಳು ಸೌದೆ ಮಾರುತ್ತಿದ್ದಾಳೆ ನೋಡು ಎನ್ನುವಾಗ ಇವರ ಗಂಟಲು ಕಟ್ಟಿತ್ತು. ನನಗೂ ಅಯ್ಯೋ ಅನಿಸಿತು, ಸುಳ್ಳಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ನನ್ನ ಅಪ್ಪ ತೀರಿಕೊಂಡಾಗ ಈ ಗಂಟಲು ಇಷ್ಟು ಕಟ್ಟಿತ್ತಾ?

ತಿಂಗಳ ನಡುವೆ ಟೀವಿಯಲ್ಲಿ ಹಣದುಬ್ಬರದ ಸುದ್ದಿ ಬರುತ್ತದೆ. ಇಂಧನದ್ದು ಇಷ್ಟು ಏರಿತು, ಇಷ್ಟು ಇಳಿಯಿತು ಎಂದು ಸುದ್ದಿ ಓದುವ ಹುಡುಗಿ ಪಟಪಟ ಹೇಳುವಾಗ ಇವರು ರಿಮೋಟು ಹಿಡಿದು ಮುಂದೆ ಬಾಗಿ, ಇದರಲ್ಲಿ ನಮ್ಮ ಕೋಣಂದೂರೂ ಇದೆ ಎನ್ನುತ್ತಿದ್ದರು. ನಮ್ಮ ಕೋಣಂದೂರಂತೆ. ದೂರದ ದೊಡ್ಡ ಬ್ಯಾಂಕಿನಲ್ಲಿ ಕೂತವರು ಬಡ್ಡಿ ಏರಿಸಬೇಕೋ ಇಳಿಸಬೇಕೋ ಎಂದು ತಲೆ ಕೆರೆದುಕೊಳ್ಳುವಾಗ ಅವರ ಮುಂದಿನ ಲೆಕ್ಕದೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಆ ಅರ್ಧ ಹುಬ್ಬಿನವಳು ದಿಮ್ಮಿಯ ಪಕ್ಕ ಕೂತಿರುತ್ತಾಳೆ. ನಾನು ಇಲ್ಲೇ, ಟೀವಿಯ ಹಿಂದಿನ ಗೋಡೆಯಾಚೆ, ಕುಕ್ಕರಿನ ಮುಂದೆ.

ಕೊನೆಗೆ ಒಂದು ದಿನ ನೋಡಿಯೇ ಬಿಡೋಣ ಎಂದು ಹೊರಟೆ. ಆ ಕಡೆ ನೆಂಟರ ಮನೆಯಲ್ಲಿ ಗೃಹಪ್ರವೇಶವಿತ್ತು. ಇವರಿಗೆ ರಜೆ ಸಿಗಲಿಲ್ಲ, ನಾನೊಬ್ಬಳೇ ಹೋದೆ. ಊಟ ಮುಗಿಸಿ, ರೇಷ್ಮೆ ಸೀರೆಯಲ್ಲೇ, ಕೋಣಂದೂರಿನಲ್ಲಿ ಇಳಿದೆ. ಸೌದೆ ಅಂಗಡಿಗೆ ರೇಷ್ಮೆ ಸೀರೆ ಉಟ್ಟು ಹೋಗುವವರು ಯಾರಿದ್ದಾರೆ? ನಾನು ಹೋದೆ. ಹೋಗುವ ಮೊದಲು ಬಸ್ ಸ್ಟ್ಯಾಂಡಿನಲ್ಲಿ ಹೂವನ್ನೂ ಮುಡಿದೆ.

ತಗಡಿನ ಮಾಡು, ಒಂದು ಕಡೆ ಒಟ್ಟಿದ ಚಕ್ಕೆ, ಇನ್ನೊಂದು ಕಡೆ ಮರದ ಹೊಟ್ಟು ತುಂಬಿದ ಚೀಲಗಳು, ನಡುವೆ ತೂಕದ ಕೊಕ್ಕೆ. ಅವಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ನನ್ನದೇ ವಯಸ್ಸು, ಒಂದೆರಡು ವರ್ಷ ಆಚೀಚೆ. ಗಂಡಸರ ಅಂಗಿಯೊಂದನ್ನು ಸೀರೆಯ ಮೇಲೆ ಹಾಕಿಕೊಂಡಿದ್ದಳು, ಹೊರೆ ಎತ್ತುವಾಗ ತರಚಬಾರದು ಅಂತ. ಹುಬ್ಬು ಇವರು ಹೇಳಿದ ಹಾಗೇ ಇತ್ತು. ಚೆಂದ ಇದ್ದಳೇ ಎಂದು ಕೇಳಿದರೆ, ಇದ್ದಳು ಎಂದೇ ಹೇಳಬೇಕು. ನಗುವಾಗ ಇಡೀ ಮುಖ ನಗುತ್ತಿತ್ತು. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ನಾನು ನಿಂತೇ ಕೇಳಿದೆ, ಸೌದೆ ಹೇಗೆ ಎಂದು. ಅವಳು ನನ್ನನ್ನು, ಸೀರೆಯನ್ನು, ಹೂವನ್ನು ನೋಡಿದಳು. ಆಮೇಲೆ ಸೆರಗಿನಿಂದ ದಿಮ್ಮಿ ಒರೆಸಿದಳು.

“ಕೂತ್ಕೊಳಿ ಅಮ್ಮ. ಸಾಗರದಿಂದ ಬಂದ್ರಾ? ಈ ಸಲ ನಿಮ್ಮನೆ ಗ್ಯಾಸು ಬೇಗ ಮುಗೀತಂತಲ್ಲ, ನೆಂಟ್ರು ಜಾಸ್ತಿ ಬಂದಿದ್ರಾ?”

ನೆರಿಗೆ ಎತ್ತಿ ಹಿಡಿದುಕೊಂಡು ಕೂತೆ. ನಾನು ಯಾರೆಂದು ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, ಸಾರ್ ಹೇಳುವ ಹಾಗೇ ಇದ್ದೀರಿ, ಬಾಗಿಲಲ್ಲಿ ನಿಂತು ಒಳಗಿನದನ್ನೆಲ್ಲ ಒಂದೇ ಸಲ ಎಣಿಸುವ ಹಾಗೆ ನೋಡುತ್ತೀರಂತೆ ಅಂದಳು. ಆಮೇಲೆ ಕಷಾಯಕ್ಕೆ ನೀರಿಟ್ಟು ಮಾತು ಶುರು ಮಾಡಿದಳು. ಮಾತೆಲ್ಲ ನನ್ನ ಅಡುಗೆಮನೆಯದೇ. ನಾನು ಬೇಳೆಯನ್ನು ನೆನೆಸಿಟ್ಟು ಆಮೇಲೆ ಬೇಯಿಸುವುದು, ಗ್ಯಾಸು ಉಳಿಯುತ್ತದೆ ಅಂತ. ಬೆಂಕಿಪೊಟ್ಟಣ ಮೆತ್ತಗಾಗುತ್ತದೆಂದು ಮಳೆಗಾಲದಲ್ಲಿ ಅಕ್ಕಿ ಡಬ್ಬದಲ್ಲಿ ಹುಗಿದಿಡುವುದು. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಕೊಡಲಿಲ್ಲವೆಂದು ಪಕ್ಕದ ಮನೆಯವರೊಡನೆ ನಾನು ಮಾತು ಬಿಟ್ಟದ್ದು. ಪೆಟ್ರೋಲು ಏರಿದಾಗ ಸ್ಕೂಟರು ಹೊರಗೆ ತೆಗೆಯಬೇಡಿ, ನಡೆದರೆ ಹೊಟ್ಟೆಯೂ ಕರಗುತ್ತದೆ ಎಂದು ನಾನು ಇವರಿಗೆ ಬೈದದ್ದು. ಅದನ್ನು ಹೇಳುವಾಗ ಅವಳು ನಕ್ಕು ನಕ್ಕು ಕೆಮ್ಮಿದಳು.

ನಾನು ಗೋಡೆಗೆ ಹೇಳುತ್ತಿದ್ದೇನೆ ಎಂದುಕೊಂಡ ಮಾತುಗಳು ಅವೆಲ್ಲ. ವರ್ಷಗಟ್ಟಲೆ ‘ಹ್ಞೂಂ’ ಅನ್ನಿಸಿಕೊಂಡು ಸತ್ತು ಹೋದವು ಎಂದುಕೊಂಡವು. ಒಂದೂ ಸತ್ತಿರಲಿಲ್ಲ. ಒಂದೊಂದೂ ಬಸ್ಸು ಹತ್ತಿ ಕೋಣಂದೂರಿಗೆ ಬಂದು ಈ ದಿಮ್ಮಿಯ ಸುತ್ತ ಬದುಕಿಕೊಂಡಿದ್ದವು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಮಾತು ಕೇಳಿ ನಕ್ಕವಳು ಇವಳು. ನಾನು ಆ ನಗು ನೋಡಬೇಕಾಗಿದ್ದದ್ದು ನನ್ನ ಗಂಡನ ಮುಖದಲ್ಲಿ. ಕಷಾಯ ಕುಡಿದೆ. ಹಾಳಾದ್ದು, ಚೆನ್ನಾಗಿತ್ತು.

ಮನೆಗೆ ಬಂದು ಕೇಳಿದೆ. ನನ್ನ ಬೆಂಕಿಪೊಟ್ಟಣದ ಕಥೆಯನ್ನೂ ಅವಳಿಗೆ ಹೇಳಬೇಕಿತ್ತಾ ಎಂದು. ಇವರು ಸಿಕ್ಕಿಬಿದ್ದವರ ಹಾಗೆ ಕನ್ನಡಕ ತೆಗೆದು ಒರೆಸಿದರು.

“ಅಲ್ಲಾ ಕಣೇ, ಅವಳು ಸೌದೆ ವಿಷಯ ಮಾತಾಡ್ತಾಳೆ. ನಾನು ಎಂತ ಮಾತಾಡ್ಲಿ? ನಂಗೆ ಗೊತ್ತಿರೋದು ನಮ್ಮನೆ ಒಲೆ ಒಂದೇ.”

ಹಾಗಾದರೆ ಮನೆಯಲ್ಲಿ ಯಾಕೆ ಬಾಯಿ ಬಿಡುವುದಿಲ್ಲ ಎಂದೆ. ಇವರು ಕನ್ನಡಕ ಮತ್ತೆ ಹಾಕಿಕೊಂಡು ಟೀವಿ ಹಚ್ಚಿದರು.

ಆಮೇಲೆ ಇವರ ಚೀಲದಲ್ಲಿ ಸಾಮಾನು ಓಡಾಡತೊಡಗಿತು. ಅವಳು ಕಷಾಯದ ಪುಡಿ ಕೊಟ್ಟು ಕಳಿಸಿದಳು. ಸುಮ್ಮನೆ ಇಟ್ಟುಕೊಳ್ಳುವವಳೇ ನಾನು? ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದೆ, ಆ ವರ್ಷದ ಒಳ್ಳೆಯ ಭರಣಿಯಿಂದ ತೆಗೆದು. ಅವಳು ಜೇನು ಕಳಿಸಿದಳು. ನಾನು ಹಲಸಿನ ಹಪ್ಪಳ ಕಳಿಸಿದೆ. ಇವರು ಇದನ್ನೆಲ್ಲ ನೋಡಿ ನಾವಿಬ್ಬರೂ ಸ್ನೇಹಿತರಾದೆವೆಂದು ಹಿಗ್ಗಿದರು. ಗಂಡಸರಿಗೆ ಏನು ಗೊತ್ತಾಗುತ್ತದೆ. ನನ್ನ ಹಪ್ಪಳ ಹೇಗಿತ್ತಂತೆ ಎಂದು ಇವರು ಚೀಲ ಇಳಿಸುವ ಮೊದಲೇ ಕೇಳುತ್ತಿದ್ದೆ. ಚೆನ್ನಾಗಿತ್ತು ಅಂದರೆ ಗೆದ್ದೆ ಅನಿಸುತ್ತಿತ್ತು.

ಅವಳ ಕೆಮ್ಮು ಮಾತ್ರ ಹೋಗಲಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ಉಸಿರು ಕಟ್ಟಿ ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಹೊಗೆ ಕುಡಿದು ಕುಡಿದು ಎದೆ ಹಾಳಾಗಿದೆ, ಇನ್ನು ಸೌದೆ ಒಲೆಯ ಹತ್ತಿರ ಹೋಗಬಾರದು ಎಂದರಂತೆ ಡಾಕ್ಟರು. ಅವಳ ಮನೆಯಲ್ಲಿ ಗ್ಯಾಸು ಇತ್ತು. ಒಲೆಗೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿ ಇಟ್ಟಿದ್ದಳಂತೆ. ಸಿಲಿಂಡರ್ ಖಾಲಿಯಾದ ಮೇಲೆ ತುಂಬಿಸಿರಲಿಲ್ಲ. ಎಲ್ಲರ ಒಲೆಯ ಬೆಲೆ ಹೇಳುತ್ತಿದ್ದವಳು ತನ್ನ ಒಲೆಯ ವಿಷಯ ಇವರಿಗೆ ಒಮ್ಮೆಯೂ ಹೇಳಿರಲಿಲ್ಲ. ಇವರು, ನಾನು ಕೇಳಲೇ ಇಲ್ಲ, ಸೌದೆ ಮಾರುವವಳ ಹತ್ತಿರ ಗ್ಯಾಸಿನ ವಿಷಯ ಯಾಕೆ ಅಂತ ಬಿಟ್ಟೆ ಎಂದು ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತರು. ಅವತ್ತು ನಾನು ಯಾವ ಕೊಂಕೂ ಆಡಲಿಲ್ಲ.

ನೋಡಲು ಇಬ್ಬರೂ ಹೋದೆವು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಒಲೆಯಿಂದ ದೂರವಿದ್ದು ಹುಬ್ಬು ತುಂಬಿ ಬೆಳೆದಿತ್ತು. ಯಾರೋ ಬೇರೆಯವರ ಮುಖದ ಹಾಗಿತ್ತು. ಇವರು ಔಷಧಿ ತರಲು ಕೆಳಗೆ ಹೋದಾಗ ನನ್ನ ಕೈ ಹಿಡಿದು ಹತ್ತಿರ ಎಳೆದಳು.

“ಸಾರ್‌ಗೆ ಹೇಳಿದೀನಿ ಅಮ್ಮ. ತಿಂಗಳಿಗೊಂದ್ಸಲ ಮನೇಲೂ ಕೇಳ್ಬೇಕು, ಬರ್ಕೊಳ್ದಿದ್ರೂ ಅಡ್ಡಿಲ್ಲ ಅಂತ. ಕೇಳ್ದೇ ಇದ್ರೆ ನಂಗೆ ಹೇಳಿ, ನಾ ನೋಡ್ಕೋತೀನಿ.”

ಮನೆಯಲ್ಲಿ ನನ್ನನ್ನು ಕೇಳುವವರಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಯಿತು? ರೇಷ್ಮೆ ಸೀರೆ ನೋಡಿದ ದಿನವೇ ಗೊತ್ತಾಗಿರಬೇಕು. ನನ್ನ ಮುಖ ಸುಟ್ಟ ಹಾಗಾಯಿತು. ಏನೋ ಒಂದು ಬಿರುಸಾಗಿ ಹೇಳಬೇಕೆಂದು ಬಾಯಿ ತೆರೆದೆ, ಹೊರಗೆ ಬಂದದ್ದು ಬೇರೆಯೇ.

“ನೀವು ಹುಷಾರಾಗಿ ಬನ್ನಿ. ನಿಮ್ಮನ್ನೇ ಕೇಳ್ಲಿ.”

ಅವಳು ನಕ್ಕಳು. ನಗು ಅರ್ಧಕ್ಕೇ ಕೆಮ್ಮಾಯಿತು. ನಾನು ಬೆನ್ನು ನೀವುತ್ತ ಕೂತೆ.

ಅವಳು ಹುಷಾರಾಗಲಿಲ್ಲ. ಮಳೆ ಬಿಟ್ಟು ಚಳಿ ಶುರುವಾಗುವ ಹೊತ್ತಿಗೆ ಹೋಗಿಬಿಟ್ಟಳು. ಅವಳ ತಮ್ಮ ಬಂದು ಚಕ್ಕೆಯನ್ನೆಲ್ಲ ಒಟ್ಟಿಗೆ ಮಾರಿ ತಗಡು ಬಿಚ್ಚಿಕೊಂಡು ಹೋದ. ಕೊಂಡವರು ಯಾವ ಬೆಲೆಗೆ ಕೊಂಡರೋ, ಇವರು ಕೇಳಲಿಲ್ಲ. ನಿಯಮದಂತೆ ಅದೇ ಊರಿನಲ್ಲಿ ಇನ್ನೊಂದು ಸೌದೆ ಅಂಗಡಿಯನ್ನು ಬದಲಿಗೆ ಹಿಡಿದರು. ಅಲ್ಲಿಯವನು ತೂಕ ಹಾಕುತ್ತಲೇ ಬೆಲೆ ಕೂಗಿ ಹೇಳುತ್ತಾನಂತೆ, ಬಾಗಿಲ ಹತ್ತಿರ ಹೋಗುವುದೂ ಬೇಡವಂತೆ. ಮೊದಲ ಸಲ ಅಲ್ಲಿಗೆ ಹೋಗಿ ಬಂದ ದಿನ, ಕೆಲಸ ಬೇಗ ಮುಗಿಯುತ್ತದೆ ಎಂದರು. ಅಂಗಿಗೆ ಹೊಗೆ ವಾಸನೆ ಇರಲಿಲ್ಲ. ನಾನು ಒಂದೇ ಸಲ ಸೋಪು ಹಾಕಿದೆ.

ಅವತ್ತೇ ಸಂಜೆ ಇವರು ಅಡುಗೆಮನೆಯ ಬಾಗಿಲಿಗೆ ಬಂದರು. ಇವರು ಒಳಗೆ ಬರುವುದೇ ಅಪರೂಪ, ನೀರು ಬೇಕಾದರೂ ಹೊರಗಿನಿಂದಲೇ ಕೂಗುವವರು. ಚೌಕಟ್ಟಿಗೆ ಒರಗಿ ನಿಂತರು. ಕೈಯಲ್ಲಿ ಪೆನ್ನಿರಲಿಲ್ಲ, ಮೊಬೈಲೂ ಇರಲಿಲ್ಲ.

“ಈ ತಿಂಗಳು ಗ್ಯಾಸು ಹೇಗೆ ಬಂತೇ?” ಎಂದರು.

ಎಷ್ಟು ವರ್ಷದಿಂದ ಕಾದ ಪ್ರಶ್ನೆ. ಹೇಳಲು ನನ್ನಲ್ಲಿ ಏನೇನಿತ್ತು! ಕೊಟ್ಟ ದುಡ್ಡು ಹೆಚ್ಚಾದದ್ದು, ಉರಿದ ದಿನ ಕಡಿಮೆಯಾದದ್ದು, ಸಿಲಿಂಡರ್ ತರುವವನು ಮೆಟ್ಟಿಲು ಹತ್ತಿಸಲು ಬೇರೆ ದುಡ್ಡು ಕೇಳುವುದು, ಅಡಿಕೆ ಸಿಪ್ಪೆಗೂ ಈಗ ದುಡ್ಡು ಕೊಡಬೇಕಾಗಿರುವುದು. ಎಲ್ಲ ಒಟ್ಟಿಗೇ ಬಾಯಿಗೆ ಬಂದವು. ಅದರ ಜೊತೆಗೇ ಹಳೆಯ ಕಿಚ್ಚೂ ಬಂತು. ಅಂತೂ ಕೇಳಿದರು. ಅದೂ ಅವಳು ಹೇಳಿದ್ದಕ್ಕೆ. ನನ್ನ ಗಂಡ ನನ್ನನ್ನು ಒಂದು ಮಾತು ಕೇಳಬೇಕಾದರೂ ಕೋಣಂದೂರಿನಿಂದ ಅಪ್ಪಣೆಯಾಗಬೇಕಿತ್ತು. ಅದನ್ನು ಕೊಡಿಸಿ ಹೋದವಳಿಗೆ ಬೈಯಲೂ ಬರುವುದಿಲ್ಲ, ಕೈಮುಗಿಯಲೂ ಮನಸ್ಸಾಗುವುದಿಲ್ಲ, ಮುಗಿಯದೆ ಇರಲೂ ಆಗುವುದಿಲ್ಲ. ನಾನು ಒಲೆ ಸಣ್ಣ ಮಾಡಿ, ಮೂಲೆಯಲ್ಲಿದ್ದ ಮಣೆಯನ್ನು ಕಾಲಿನಿಂದ ಇವರ ಕಡೆ ತಳ್ಳಿದೆ.

“ನಿಂತೋರಿಗೆ ಬೆಲೆ ಹೇಳಲ್ಲ. ಕೂತ್ಕೊಳಿ ಮೊದ್ಲು.”

ಇವರು ನನ್ನ ಮುಖ ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಮಣೆಯ ಮೇಲೆ ಕೂತರು. ಕಣ್ಣು ತುಂಬಿತ್ತು. ಯಾರಿಗೋಸ್ಕರ ಎಂದು ನನ್ನ ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. ಅವಳು ಕಳಿಸಿದ್ದ ಪುಡಿ ಡಬ್ಬದ ತಳದಲ್ಲಿ ಇನ್ನೂ ಸ್ವಲ್ಪ ಇತ್ತು. ಕಷಾಯಕ್ಕೆ ನೀರಿಟ್ಟೆ. ಇವತ್ತು ಕೇಳಿಸಿಕೊಳ್ಳುವ ಸರದಿ ನನ್ನದಲ್ಲ, ಇವರದು.